ಉಣ್ಣೆಕೋಟಿನ ರಮಾಮಣಿ

ಮೇ ತಿಂಗಳಲ್ಲಿ, ಮುಂಬಯಿಯ ದಹಿಸರ್‌ನಲ್ಲಿ, ಫ್ಯಾನಿನ ಗಾಳಿಯೂ ಮೈ ಸುಡುವ ಮಧ್ಯಾಹ್ನದಲ್ಲಿ, ಸೀರೆಯ ಮೇಲೆ ಬೂದುಬಣ್ಣದ ಉಣ್ಣೆಕೋಟು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ಫೋನಿನ ಮುಂದೆ ಕೂರುವ ಹೆಂಗಸು ಈ ಮಹಾನಗರದಲ್ಲಿ ರಮಾಮಣಿ ಒಬ್ಬರೇ ಇದ್ದಿರಬೇಕು. ಪರೇಲಿನ ಒಂದು ಬಟ್ಟೆಗಿರಣಿಯ ಕಂಪ್ಯೂಟರ್ ಕೋಣೆಯಲ್ಲಿ ಅವರು ಹನ್ನೊಂದು ವರ್ಷ ದುಡಿದಿದ್ದರು. ಯಂತ್ರ ಬಿಸಿಯಾಗಬಾರದೆಂದು ಆ ಕೋಣೆಯನ್ನು ಹಲ್ಲು ಕಟಕಟಿಸುವಷ್ಟು ತಣ್ಣಗಿಡುತ್ತಿದ್ದರಂತೆ. ಒಳಗೆ ಕೂರುವವರಿಗೆ ಗಿರಣಿಯೇ ಕೋಟು ಕೊಡುತ್ತಿತ್ತಂತೆ. ಮುಷ್ಕರದ ನಂತರ ಗಿರಣಿ ಮುಚ್ಚಿತು, ಕೋಣೆ ಹೋಯಿತು, ಕೋಟು ಉಳಿಯಿತು. ಯಂತ್ರದ ಕೆಲಸವೆಂದರೆ ಕೋಟು ತೊಡಲೇಬೇಕು, ಆ ಯಂತ್ರ ಊರಿನ ಇನ್ನೊಂದು ತುದಿಯಲ್ಲಿದ್ದರೂ ಸರಿಯೇ, ಎಂಬುದು ಅವರ ನೇಮ.

ಈ ಕೋಟಿನ ಸಂಗತಿ ನನಗೆ ತಿಳಿದದ್ದು ತಡವಾಗಿ. ತೊಂಬತ್ತೆರಡರ ಆರಂಭದಲ್ಲಿ ಅವರ ಪರಿಚಯವಾದಾಗ ಅವರು ನನ್ನ ಪಾಲಿಗೆ ಬರಿಯ ಒಂದು ಧ್ವನಿ. ನಾನು ಮುಲುಂಡಿನ ಕನ್ನಡ ಶಾಲೆಯ ಟೀಚರು. ಕೆಲವರು ಸೇರಿ ಕಟ್ಟಿದ ರಕ್ತದಾನಿಗಳ ಸಂಘಕ್ಕೆ ಕಾರ್ಯದರ್ಶಿ. ಭಾಂಡುಪ್‌ನ ಒಂದು ಖೋಲಿಯಲ್ಲಿ ಸಂಘದ ಕಂಪ್ಯೂಟರು ಇತ್ತು, ಅದರ ಹೊಟ್ಟೆಯಲ್ಲಿ ಆರುನೂರ ನಲವತ್ತು ದಾನಿಗಳ ಹೆಸರು, ವಿಳಾಸ, ರಕ್ತದ ಗುಂಪು. ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ ಅದನ್ನು ಫೋನಿಗೆ ಜೋಡಿಸುತ್ತಿತ್ತು. ಯಾವುದಾದರೂ ಆಸ್ಪತ್ರೆಯ ಕಂಪ್ಯೂಟರಿನಿಂದ ಆ ನಂಬರಿಗೆ ಕರೆ ಬಂದರೆ ಯಂತ್ರವೇ ಫೋನೆತ್ತಿ ಪಟ್ಟಿಯನ್ನು ಆ ಕಡೆಯವರ ಪರದೆಗೆ ಕಳಿಸುತ್ತಿತ್ತು. ಹಾಗೆ ಕರೆಯುವ ಆಸ್ಪತ್ರೆಗಳು ಮೂವತ್ತೇಳು. ಖೋಲಿ, ಫೋನು ಎರಡೂ ನಮ್ಮ ಅಧ್ಯಕ್ಷ ಜಯಸಿಂಹ ಅವರವು. ಅವರ ತಂಗಿ ವಸಂತಿ ಅದೇ ಖೋಲಿಯಲ್ಲಿ ಹೊಲಿಗೆ ಕ್ಲಾಸು ತೆರೆಯುತ್ತಾಳೆಂದು ಗೊತ್ತಾದ ಮೇಲೆ ನಾವು ಮುಲುಂಡಿನಲ್ಲಿ ಬೇರೆ ಕೋಣೆ, ಬೇರೆ ಕಂಪ್ಯೂಟರು, ಬೇರೆ ನಂಬರು ಹುಡುಕಿಕೊಂಡೆವು. ಪಟ್ಟಿಯನ್ನು ಅಲ್ಲಿಗೆ ಸಾಗಿಸಿ, ಮುಂದೆಯೂ ನೋಡಿಕೊಳ್ಳಲು ನಾವು ಗೊತ್ತುಮಾಡಿದ್ದು ರಮಾಮಣಿಯವರನ್ನು.

"ನಾನು ಬರಲ್ಲ ಟೀಚರ್," ಎಂದರು ಮೊದಲ ದಿನವೇ. "ನಾನು ಬಂದು ಮಾಡಿದ್ರೆ ನೀವು ನೋಡ್ತಾ ನಿಂತ್ಕೋತೀರಿ. ನಾಳೆ ಕೆಟ್ಟರೆ ಏನು ಮಾಡ್ತೀರಿ? ಕೈ ನಿಮ್ಮದಿರಲಿ. ಫೋನಲ್ಲೇ ಮಾಡೋಣ."

ನನಗೆ ಸಿಟ್ಟು ಬಂತು. ಕೆಲಸ ಒಪ್ಪಿಕೊಂಡವರು ಬರುವುದಿಲ್ಲವೆಂದರೆ ಏನರ್ಥ? ಆದರೆ ಒಂದೇ ವಾರದಲ್ಲಿ ಸಿಟ್ಟು ಹೋಗಿ ಬೆರಗು ಉಳಿಯಿತು. ನನ್ನ ಪರದೆಯನ್ನು ಅವರು ಕಾಣುತ್ತಿರಲಿಲ್ಲ, ಆದರೂ ನಾನು ಅವಸರಪಟ್ಟು ಕೀಲಿಯ ಮೇಲೆ ಬೆರಳಿಟ್ಟರೆ ಅದು ಹೇಗೋ ಗೊತ್ತಾಗಿ, "ಕೈ ಹಿಂದೆ ತಗೊಳ್ಳಿ. ಮೊದಲು ಓದಿ," ಎನ್ನುತ್ತಿದ್ದರು. ಪ್ರತಿ ಆಜ್ಞೆಯನ್ನೂ ಅಕ್ಷರ ಅಕ್ಷರವಾಗಿ ಓದಿ ಒಪ್ಪಿಸಬೇಕು, ಆಮೇಲೆ ಒತ್ತಬೇಕು. ಇಪ್ಪತ್ತೆರಡು ವರ್ಷ ಮಕ್ಕಳಿಂದ ಪಾಠ ಒಪ್ಪಿಸಿಕೊಂಡ ನಾನು ಆ ಧ್ವನಿಯ ಮುಂದೆ ಒಂದನೇ ಕ್ಲಾಸಿನ ಮಗುವಾಗಿ ಕೂತೆ.

ಹತ್ತೊಂಬತ್ತು ಫ್ಲಾಪಿಗಳಲ್ಲಿ ತುಂಬಿದ ಪಟ್ಟಿಯನ್ನೂ ಅದನ್ನು ನಡೆಸುವ ಪ್ರೋಗ್ರಾಮುಗಳನ್ನೂ ಊಟದ ಡಬ್ಬಿಯಲ್ಲಿಟ್ಟುಕೊಂಡು ನಾನು ಲೋಕಲ್ ರೈಲಿನಲ್ಲಿ ಮುಲುಂಡಿಗೆ ಒಯ್ದೆ. ಐದು ನಿಮಿಷದ ಹಾದಿಗೆ ಅವರದು ಹತ್ತು ನಿಮಿಷದ ಉಪದೇಶ: ಮೋಟಾರಿರುವ ಬೋಗಿ ಹತ್ತಬೇಡಿ, ಅದರ ಅಯಸ್ಕಾಂತಕ್ಕೆ ಫ್ಲಾಪಿ ಕೆಡುತ್ತದೆ, ಬಿಸಿಲಿಗೆ ಹಿಡಿಯಬೇಡಿ, ಜನ ತಳ್ಳಿದರೆ ಮುಂದಿನ ಗಾಡಿಗೆ ಬನ್ನಿ. ಇಷ್ಟಾದರೂ ಹನ್ನೊಂದನೆಯ ಫ್ಲಾಪಿ ಕೆಟ್ಟಿತು. ಅದರಲ್ಲಿದ್ದ ಹೆಸರುಗಳನ್ನು ಕಾಗದದ ಪ್ರತಿ ನೋಡಿ ನಾನೇ ಟೈಪ್ ಮಾಡಿದೆ. ರಮಾಮಣಿ ಅಷ್ಟಕ್ಕೆ ಬಿಡಲಿಲ್ಲ. ನಾಲ್ಕು ದಿನ, ಶಾಲೆ ಬಿಟ್ಟ ಮೇಲೆ, ಆರುನೂರ ನಲವತ್ತು ಹೆಸರನ್ನೂ ನನ್ನಿಂದ ಫೋನಿನಲ್ಲಿ ಓದಿಸಿ, ಅಂಚೆಯಲ್ಲಿ ತರಿಸಿಕೊಂಡಿದ್ದ ತಮ್ಮ ಪ್ರತಿಯಲ್ಲಿ ಒಂದೊಂದಕ್ಕೂ ಗುರುತು ಹಾಕಿಕೊಂಡರು. ಮೂರನೆಯ ದಿನ ಒಂದು ಹೆಸರಿನ ಹತ್ತಿರ, "ಮತ್ತೆ ಓದಿ," ಎಂದರು. ಓದಿದೆ. ಓ ಗುಂಪಿನ ಹೆಂಗಸನ್ನು ನಾನು ಬಿ ಮಾಡಿಬಿಟ್ಟಿದ್ದೆ. "ತಿದ್ದಿ ಟೀಚರ್. ಮುಂದಿನದು ಓದಿ," ಎಂದರು, ಅಷ್ಟೇ.

ಹೊಸ ಯಂತ್ರ ನಡೆಯತೊಡಗಿತು. ಎಲ್ಲ ಆಸ್ಪತ್ರೆಗಳಿಗೂ ಹೊಸ ನಂಬರಿನ ಪತ್ರ ಹೋಯಿತು. ಇನ್ನು ಹಳೆಯದನ್ನು ನಿಲ್ಲಿಸಬಹುದೆಂದು ನಾವಂದುಕೊಂಡರೆ ರಮಾಮಣಿ ಹಟ ಹಿಡಿದರು. ಮೂವತ್ತೇಳೂ ಆಸ್ಪತ್ರೆಗಳು ಹೊಸ ನಂಬರಿಗೆ ಒಮ್ಮೆಯಾದರೂ ಕರೆ ಮಾಡುವವರೆಗೆ ಹಳೆಯ ಯಂತ್ರ ನಡೆಯುತ್ತಿರಬೇಕು. ಅಲ್ಲಿಗೆ ಬಂದವರಿಗೆ ಪಟ್ಟಿಯನ್ನೂ ಕೊಡಬೇಕು, ಹೊಸ ನಂಬರನ್ನೂ ತೋರಿಸಬೇಕು. ಮೂವತ್ತಾರು ಬಂದವು. ಅಂಬರನಾಥದ ಕಡೆಯ ಒಂದು ಕಾರ್ಖಾನೆಯ ಆಸ್ಪತ್ರೆ ಮಾತ್ರ ಬರಲಿಲ್ಲ, ಪತ್ರಕ್ಕೆ ಉತ್ತರವೂ ಇಲ್ಲ. ಎರಡು ತಿಂಗಳು ಕಳೆಯಿತು.

"ಒಬ್ಬರಿಗೋಸ್ಕರ ನನ್ನ ಖೋಲಿ ಅಡ್ಡ ಹಾಕ್ಕೊಂಡು ಕೂತಿದೀರಲ್ರೀ!" ಎಂದು ಜಯಸಿಂಹ ನನ್ನ ಮೇಲೆ ರೇಗಿದರು. ಆ ಮಾತನ್ನು ಹಾಗೆಯೇ ದಹಿಸರ್‌ಗೆ ಮುಟ್ಟಿಸಿದೆ.

"ಪತ್ರ ಓದಿದವರಿಗೆ ಹಳೇ ನಂಬರ್ ಬೇಡ ಟೀಚರ್," ಎಂದಿತು ಧ್ವನಿ. "ಅದು ಬೇಕಾಗೋದು ಓದದೇ ಇರೋರಿಗೆ."

ಒಂದು ಸಂಜೆ ನಾನು ಭಾಂಡುಪ್‌ನ ಖೋಲಿಗೆ ಹೋಗಿದ್ದಾಗ ಟೆಂಪೋದಲ್ಲಿ ಹೊಲಿಗೆ ಮಷೀನುಗಳು ಬಂದಿಳಿದವು. "ಆಫ್ ಮಾಡಿಬಿಡಿ, ದಹಿಸರ್‌ನಲ್ಲಿ ಕೂತೋರಿಗೆ ಹೇಗೆ ಗೊತ್ತಾಗುತ್ತೆ?" ಎಂದರು ಜಯಸಿಂಹ. ದಾಕ್ಷಿಣ್ಯಕ್ಕೆ ಬಿದ್ದು ನಾನೇ ವೈರು ಕಿತ್ತೆ. ಈ ಕೈಯಿಂದಲೇ.

ಮರುದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ ನಮ್ಮ ಮನೆಯ ಫೋನು ಹೊಡೆದುಕೊಂಡಿತು. ಆ ಎರಡು ತಿಂಗಳೂ ರಮಾಮಣಿ ಪ್ರತಿದಿನ ಏಳೂವರೆಗೆ ಹಳೆಯ ನಂಬರಿಗೆ ಕರೆಮಾಡಿ, ಯಂತ್ರ ಎತ್ತಿತೇ ಎಂದು ಕೇಳಿಸಿಕೊಂಡು ಇಡುತ್ತಿದ್ದರೆಂಬುದು ನನಗೆ ತಿಳಿದದ್ದು ಆಗ.

"ಎರಡನೇ ರಿಂಗಿಗೆ ಎತ್ತಬೇಕಿತ್ತು. ಇವತ್ತು ಎತ್ತಲಿಲ್ಲ," ಎಂದರು. ಆಮೇಲೆ ಅವರೇ, "ಹೊಲಿಗೆ ಮಷೀನ್ ಬರುತ್ತೆ ಅಂದಿದ್ರಲ್ಲ, ಯಾರದೋ ಕಾಲು ತಾಗಿ ವೈರ್ ಬಿಚ್ಚಿರಬೇಕು. ಹೋಗಿ ನೋಡ್ತೀರಾ ಟೀಚರ್?" ಎಂದರು.

ಶಾಲೆಗೆ ರಜೆ ಹಾಕಿ ಓಡಿದೆ. ಹೊಲಿಗೆ ಮಷೀನುಗಳ ನಡುವೆ ನುಸುಳಿ ವೈರು ಜೋಡಿಸಿದೆ. ಜಯಸಿಂಹ ನನ್ನ ಮುಖ ನೋಡಿ, ಒಂದು ಮಷೀನನ್ನು ತಾವೇ ಪಕ್ಕಕ್ಕೆ ಸರಿಸಿದರು.

ಮೂರನೆಯ ದಿನ ಮಧ್ಯಾಹ್ನ ಹಳೆಯ ನಂಬರಿಗೆ ಕರೆ ಬಂತು. ಅಂಬರನಾಥದ ಆ ಕಾರ್ಖಾನೆಯಲ್ಲಿ ಮೂರು ತಿಂಗಳು ಬೀಗಮುದ್ರೆಯಾಗಿತ್ತಂತೆ. ನಮ್ಮ ಪತ್ರ ಗೇಟಿನಲ್ಲೇ ಧೂಳು ತಿನ್ನುತ್ತಿತ್ತು. ಬೀಗ ತೆಗೆದ ಎರಡನೆಯ ದಿನವೇ ಅಣವೀರಪ್ಪ ಎಂಬ ಕೆಲಸಗಾರನ ತೋಳು ಯಂತ್ರಕ್ಕೆ ಸಿಕ್ಕಿತು. ಅವನದು ಈ ಊರಿನ ಹೆಸರನ್ನೇ ಹೊತ್ತ, ಸಾವಿರಾರು ಜನರಲ್ಲಿ ಒಬ್ಬರಿಗೆ ಸಿಗುವ ಬಾಂಬೆ ಗುಂಪಿನ ರಕ್ತ. ನಮ್ಮ ಪಟ್ಟಿಯಲ್ಲಿ ಅಂಥವರು ಐದೇ ಮಂದಿ. ಅವರಲ್ಲಿ ಇಬ್ಬರು ಅಂದೇ ಹೊರಟರು. ತೋಳು ಉಳಿಯಲಿಲ್ಲ, ಅಣವೀರಪ್ಪ ಉಳಿದ.

ತಿಂಗಳ ನಂತರ ಅವನ ಹೆಂಡತಿ ಸುಂದ್ರವ್ವ ಮುಲುಂಡಿನ ಕೋಣೆಗೆ ಹುಡುಕಿಕೊಂಡು ಬಂದು, "ಫೋನ್ ಎತ್ತಿದಾಕಿ ಯಾರ್ರಿ ಯಕ್ಕಾ? ಆಕೀನ್ನ ನೋಡಬೇಕ್ರಿ," ಎಂದು ಕೂತುಬಿಟ್ಟಳು. ಎತ್ತಿದ್ದು ಯಂತ್ರ ಎಂದರೆ ಒಪ್ಪಲಿಲ್ಲ. "ಮಷಿನ್ ತಾನs ಎಲ್ಲಿ ಎತ್ತತೈತ್ರಿ? ಯಾರರ ಒಬ್ಬರು ಇದ್ದs ಇರ್ತಾರ." ಅವಳ ಮಾತೇ ನಿಜವೆಂದು ನನಗಲ್ಲದೆ ಇನ್ನಾರಿಗೆ ಗೊತ್ತು? ದಹಿಸರ್‌ಗೆ ಕರೆದೊಯ್ದೆ.

ಅಂದೇ ಆ ಕೋಟನ್ನು ನೋಡಿದ್ದು. ಫೋನಿನ ಮುಂದಿನಿಂದ ಎದ್ದುಬಂದು, ಕೋಟು ತೊಟ್ಟೇ ಬಾಗಿಲು ತೆರೆದ ರಮಾಮಣಿ ಕುಳ್ಳಗಿನ, ಕನ್ನಡಕದ, ಎಡ ಹೆಗಲನ್ನು ತುಸು ಮುಂದುಮಾಡಿ ನಡೆಯುವ ಹೆಂಗಸು. ಗಿರಣಿಯ ಆ ತಣ್ಣನೆಯ ಕೋಣೆಗೆ ಸ್ಪ್ರಿಂಗಿನ ಭಾರವಾದ ಬಾಗಿಲಿತ್ತಂತೆ. ಎರಡೂ ಕೈ ತುಂಬ ಕಂಪ್ಯೂಟರಿನ ಟೇಪು ಹೊತ್ತು ಬರುವವರಿಗಾಗಿ ಅದನ್ನು ಹೆಗಲಿನಿಂದ ಒತ್ತಿ ಹಿಡಿದು ಹಿಡಿದು ನಡಿಗೆಯೇ ಹಾಗಾಯಿತಂತೆ. ಸುಂದ್ರವ್ವ ಕಾಲಿಗೆ ಬೀಳಹೋದಾಗ ಗಾಬರಿಯಾಗಿ ಅವಳ ರಟ್ಟೆ ಹಿಡಿದು, "ಛೆ, ಏಳಿ ಅಮ್ಮ, ಚಾ ಕುಡೀರಿ," ಎಂದು ಒಳಗೆ ಓಡಿದರು. ನಾನೂ ಹಿಂದೆಯೇ ಅಡುಗೆಮನೆಗೆ ಹೋದೆ.

"ಅವತ್ತು ಯಾರ ಕಾಲೂ ತಾಗಿರಲಿಲ್ಲ. ವೈರು ಕಿತ್ತದ್ದು ನಾನು," ಎಂದೆ.

"ಗೊತ್ತು," ಎಂದರು ರಮಾಮಣಿ, ಹಾಲು ಉಕ್ಕದಂತೆ ನೋಡುತ್ತ. "ಅಂಬರನಾಥದವರೂ ಮೊನ್ನೆ ಹೊಸ ನಂಬರಿಗೇ ಬಂದ್ರು. ಮೂವತ್ತೇಳೂ ಬಂದಾಯ್ತಲ್ಲ ಟೀಚರ್. ಇನ್ನು ಹಳೇದನ್ನ ನಿಲ್ಲಿಸಿ. ಜಯಸಿಂಹ ಅವರಿಗೆ ನನ್ನ ನಮಸ್ಕಾರ ಹೇಳಿ."

ಓಡುವ ಗಾಡಿಯನ್ನು ಹಾರಿ ಹಿಡಿಯುವವರನ್ನು ಈ ಊರು ಮೆಚ್ಚುತ್ತದೆ. ಒಳಗೆ ಸೇರಿಕೊಂಡ ಮೇಲೆ ಬಾಗಿಲಲ್ಲಿ ಜೋತುಬಿದ್ದು, ಪ್ಲಾಟ್‌ಫಾರ್ಮಿನಲ್ಲಿ ಓಡಿಬರುವ ಕೊನೆಯವನಿಗೆ ಕೈ ಚಾಚುವವರು ಬೇರೆಯೇ ಒಂದು ಜಾತಿ. ಅವರು ಬಂದವರನ್ನು ಎಣಿಸಿ ಸಂತೋಷಪಡುವುದಿಲ್ಲ, ಬಾರದವನ ಹೆಸರನ್ನೇ ಜಪಿಸುತ್ತಾರೆ. ಅದಕ್ಕಾಗಿ ನಮ್ಮಂಥವರ ಬೈಗುಳ ತಿನ್ನುತ್ತಾರೆ. ನಾವು ಬೇಸತ್ತು ವೈರು ಕಿತ್ತರೂ ಅವರು ಸಿಟ್ಟಾಗುವುದಿಲ್ಲ. ಬೆಳಿಗ್ಗೆ ಫೋನು ಮಾಡಿ, ಯಾರದೋ ಕಾಲು ತಾಗಿರಬೇಕೆಂದು ನಮ್ಮ ಮಾನ ಉಳಿಸಿ, ಅದನ್ನು ಜೋಡಿಸುವ ಅವಕಾಶವನ್ನು ಮತ್ತೆ ನಮಗೇ ಕೊಡುತ್ತಾರೆ.