ಎತ್ತಿ ತೆಗೆಯುವ ಗೇಟು

"ಇಲ್ಲ ಮಗಾ, ನನಗೆ ಎಂತದೂ ಕೇಳಲಿಲ್ಲ," ಎಂದರು ಪಂಕಜಾಕ್ಷಿ, ಕ್ಯಾಮೆರಾದ ಕಡೆ ನೋಡದೆ. "ಇದೇ ಕೋಣೆಯಲ್ಲಿ ಮಲಗಿದ್ದೆ. ಬಾಗಿಲು ಹಾಕಿದರೆ ಹೊರಗಿನದ್ದು ಯಾವುದೂ ಇಲ್ಲಿಗೆ ಕೇಳುವುದಿಲ್ಲ."

ಮೂವತ್ತು ವರ್ಷಗಳ ಹಿಂದೆ ಪೊಲೀಸರಿಗೂ ಅಜ್ಜಿ ಹೇಳಿದ್ದು ಇದನ್ನೇ ಎಂದು ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು ವಿಜೇತಾಳಿಗೆ ಗೊತ್ತಿತ್ತು. ಜಗಲಿಯಲ್ಲಿ ಮಲಗಿದ್ದ ಅಜ್ಜನನ್ನು ಯಾರೋ ಕಡಿದು ಹೋಗಿದ್ದರು. ಆ ರಾತ್ರಿ ಪಕ್ಕದ ಮನೆಯವರಿಗೂ ಯಾವ ಸದ್ದೂ ಕೇಳಿರಲಿಲ್ಲ. ಹೊರಗಿನ ಕಳ್ಳರೆಂದು ಊರು ನಂಬಿತು, ಯಾರೂ ಸಿಕ್ಕಲಿಲ್ಲ. ಕುಂಬಳೆಯ ಕೋಟೆ, ಕಡಲು ತೋರಿಸಿ ಆ ಕೊಲೆಯ ಕಥೆ ಹೇಳುವ ಸಾಕ್ಷ್ಯಚಿತ್ರಕ್ಕೆಂದು ತುಷಾರ್ ಬಂದಾಗ ಅಜ್ಜಿಯನ್ನು ಒಪ್ಪಿಸಿದವಳು ವಿಜೇತಾಳೇ. ಫೋಟೋದಲ್ಲಷ್ಟೇ ಕಂಡ ಅಜ್ಜನನ್ನು ಕೊಂದವರು ಯಾರೆಂದು ಅವಳಿಗೆ ತಿಳಿಯಬೇಕಿತ್ತು. ಆ ಮಾತು ಬಂದಾಗಲೆಲ್ಲ ಮನೆಯಲ್ಲಿ ಯಾರಾದರೊಬ್ಬರು ಎದ್ದು ಹೋಗುತ್ತಿದ್ದರು. ಕ್ಯಾಮೆರಾದ ಮುಂದಿನಿಂದ ಹಾಗೆ ಎದ್ದು ಹೋಗಲಾಗದು ಎಂದುಕೊಂಡಿದ್ದಳು.

ಬೆಳಿಗ್ಗೆ ತುಷಾರನ ತಂಡ ಗೇಟು ತೆಗೆದಾಗ ಅದು ಕಲ್ಲಿಗೆ ಉಜ್ಜಿ ಕಿರುಚಿದ ಸದ್ದಿಗೆ ಪಕ್ಕದ ಮನೆಯವರೂ ಹೊರಗೆ ಇಣುಕಿದ್ದರು. "ಅಜ್ಜ ಹಾಕಿಸಿದ ದಿನದಿಂದ ಅದು ಹಾಗೆಯೇ. ಸ್ವಲ್ಪ ಎತ್ತಿ ತೆಗೆಯಬೇಕು. ಮನೆಯವರಿಗೆ ಅಭ್ಯಾಸ ಉಂಟು," ಎಂದು ಅಜ್ಜಿ ನಕ್ಕಿದ್ದರು.

ಪ್ರಶ್ನೆ ಕೇಳುವುದು ಮುಗಿದ ಮೇಲೆ ತುಷಾರ್ ಒಂದು ಕೆಲಸ ಬಾಕಿ ಇದೆ ಎಂದ. ಕೋಣೆಯ ಬರೀ ಮೌನವನ್ನು ಒಂದು ನಿಮಿಷ ಮೈಕಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಮಾತು ಜೋಡಿಸುವಾಗ ನಡುವಿನ ಖಾಲಿಗೆ ತುಂಬಲು ಬೇಕಾಗುತ್ತದೆ. ಫ್ಯಾನ್ ನಿಲ್ಲಿಸಿ ಬಾಗಿಲು ಮುಚ್ಚಿದರು. ಹೆಡ್‌ಫೋನ್ ಹಾಕಿಕೊಂಡಿದ್ದ, ತಂಡದ ಧ್ವನಿ ನೋಡಿಕೊಳ್ಳುವ ನಮಿತಾ ಬೆರಳೆತ್ತಿದಳು.

ಮೊದಲು ಏನೂ ಇರಲಿಲ್ಲ. ಆಮೇಲೆ ದೂರದಲ್ಲೊಂದು ರೈಲು, ಹಂಚಿನ ಮೇಲೆ ಕಾಗೆಯ ಉಗುರು.

"ಮುದ್ದಣ್ಣ ಬಂದ," ಎಂದರು ಅಜ್ಜಿ ಮೆಲ್ಲಗೆ.

ನಮಿತಾ ಹೆಡ್‌ಫೋನ್ ಕೆಳಗಿಳಿಸಿದಳು. "ನನ್ನ ಮೈಕಿಗೇ ಕೇಳಲಿಲ್ಲ ಮಾರಾಯ್ರೆ. ನಿಮಗೆ ಹೇಗೆ ಗೊತ್ತಾಯಿತು?"

ಜಗಲಿಯಲ್ಲಿ ಹೆಜ್ಜೆಯ ಸದ್ದಾಗಿ ಬಾಗಿಲು ತೆರೆಯಿತು. ಗೋಳಿಬಜೆಯ ಪೊಟ್ಟಣ ಹಿಡಿದು ಮುದ್ದಣ್ಣ ನಿಂತಿದ್ದರು. ಅಜ್ಜನ ತಮ್ಮ; ಅಜ್ಜ ಹೋದ ಮೇಲೆ ಈ ಮನೆಯನ್ನು ನೋಡಿಕೊಂಡವರು, ವಿಜೇತಾಳ ಅಮ್ಮನನ್ನು ಓದಿಸಿ ಮದುವೆ ಮಾಡಿಕೊಟ್ಟವರು. ಎಲ್ಲರೂ ನಕ್ಕರು. ವಿಜೇತಾ ನಗಲಿಲ್ಲ. ಗೇಟು ಕಿರುಚಿರಲಿಲ್ಲ, ಬಾಗಿಲೂ ಮುಚ್ಚಿತ್ತು. ಅಜ್ಜಿಯ ಮುಖ ನೋಡಿದಳು. ಅಲ್ಲಿ ನಗು ಅರ್ಧಕ್ಕೇ ನಿಂತಿತ್ತು.

"ಇನ್ನೊಂದು ಸಲ," ಎಂದ ತುಷಾರ್.

ಬಾಗಿಲು ಮತ್ತೆ ಮುಚ್ಚಿತು. ಮುದ್ದಣ್ಣ ಒಳಗೇ, ಗೋಡೆಗೆ ಒರಗಿ ನಿಂತರು. ವಿಜೇತಾ ಬಾಯಿ ತೆರೆಯುವಷ್ಟರಲ್ಲಿ ನಮಿತಾಳ ಬೆರಳು ಮೇಲೆದ್ದಿತು. ಅಜ್ಜಿಯ ಕೈ ಮಂಚದ ಮೇಲೆ ಸರಿದು ಬಂದು, ಬಳೆ ಒತ್ತುವಷ್ಟು ಗಟ್ಟಿಯಾಗಿ ವಿಜೇತಾಳ ಮಣಿಕಟ್ಟನ್ನು ಹಿಡಿಯಿತು. ಯಾರೂ ಅಲುಗಲಿಲ್ಲ.

"ಈಗ ಸರಿ," ಎಂದಳು ನಮಿತಾ. "ಎಂತದೂ ಕೇಳಲಿಲ್ಲ."

ಎಲ್ಲರೂ ಚಹಾಕ್ಕೆಂದು ಎದ್ದರು. ಮುದ್ದಣ್ಣ ಪೊಟ್ಟಣ ಬಿಚ್ಚಿ ಮೊದಲು ವಿಜೇತಾಳತ್ತ ಚಾಚಿದರು.

"ತೆಗೊ ಮಗಾ, ಬಿಸಿ ಉಂಟು."

ಕಾಗದದಲ್ಲಿ ಎಣ್ಣೆ ನಿಧಾನವಾಗಿ ಹರಡುತ್ತಿತ್ತು. ಅವಳ ಬಲಗೈಯನ್ನು ಅಜ್ಜಿ ಇನ್ನೂ ಬಿಟ್ಟಿರಲಿಲ್ಲ.