ಕಿತ್ತ ಗೂಟದ ಕುಳಿ

ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಏಳುತ್ತದೆ, ಬೀಳುತ್ತದೆ, ಪರದೆಯ ಮೇಲೆ ಮಾತ್ರ ಅದೇ ಸಾಲು, ಹಯವದನನ ಫೋಲ್ಡರಿನಲ್ಲಿ ಲೈಬ್ರರಿ ಇಲ್ಲ, ಪ್ರೋಗ್ರಾಮು ಓಡಲು ಬೇಕಾದ ಆ ಫೈಲೇ ಇಲ್ಲ — ಹೇಗಿದ್ದೀತು, ನಿನ್ನೆ ಅಳಿಸಿದವನು ನಾನೇ, ತೀರಿಕೊಂಡ ಆ ಗೆಳೆಯನ ಹದಿಮೂರನೇ ದಿನದ ಊಟ ಮುಗಿಸಿ ಬಂದು, ಈ ಕೈಯಿಂದಲೇ. ಅವರದು ಏನಿದ್ರೂ ತಗದುಬಿಡ್ರಿ ಗೋಪಿನಾಥ, ಅಲ್ಲೇನೂ ಉಳಿಸಬ್ಯಾಡ್ರಿ, ಅಂದಿದ್ದರು ಕೌಸಲ್ಯಾ ವೈನಿ, ಗಂಡನ ಅಂಗಿ ದಾನ ಕೊಟ್ಟರು, ಕೊಡೆ ಕೊಟ್ಟರು, ಆಸ್ಪತ್ರೆಯ ಕಂಪ್ಯೂಟರು ನೋಡಿಕೊಳ್ಳುವವನು ನಾನು, ನನ್ನ ಪಾಲಿನದನ್ನು ನಾನು ತೆಗೆದೆ. ಕಿತ್ತ ಗೂಟದ ಕುಳಿ, ಅದರ ಮುಂದೆ ನಮ್ಮ ಹಸು ಕೆಂದಿ — ಅದು ಯಾಕೆ ಈಗ ನೆನಪಾಗಬೇಕು. ಹತ್ತೂವರೆ. ಹೊರಗೆ ಬೆಂಚಿನ ಮೇಲೆ ಹೊಳೆಯಾಚೆಯ ರಾಮನಗರದ ನೇಕಾರ, ಪಕ್ಕದಲ್ಲಿ ಗಂಟಲಿಗೆ ಸೆರಗು ಸುತ್ತಿಕೊಂಡ ಹೆಂಡತಿ, ಹೋ ಜಾಈ ನ ಬಾಬೂ, ಆಗುತ್ತದಲ್ಲವೇ ಎಂದು ಎರಡು ಸಲ ಕೇಳಿದ, ಆಗುತ್ತದೆ ಎಂದೆ, ಯಾವ ಬಾಯಲ್ಲಿ ಅಂದೆನೋ, ಆಕೆಯ ಗಂಟಲಿನ ಗಡ್ಡೆಗೆ ಎಷ್ಟು ವಿಕಿರಣ ಬಿಡಬೇಕೆಂದು ಹೇಳುವುದು ಹಯವದನ ಬರೆದ ಈ ಪ್ರೋಗ್ರಾಮೇ. ಡಾಕ್ಟರ್ ಮಾಲವಿಕಾ ಫೋನಿನಲ್ಲಿ, ಹನ್ನೊಂದಕ್ಕೆ ಲೆಕ್ಕದ ಹಾಳೆ ಬರದಿದ್ದರೆ ಮೆಷಿನ್ನು ಇನ್ನೊಬ್ಬರಿಗೆ ಹೋಗುತ್ತೆ, ಈಕೆಗೆ ಮತ್ತೆ ಮೂರು ವಾರ, ಮೂರು ವಾರ ತಡೆಯೋ ಗಡ್ಡೆ ಅಲ್ಲ ಇದು.

ಲೈಬ್ರರಿ ಇದೆ, ಎಲ್ಲರಿಗೂ ಸೇರಿದ ಫೋಲ್ಡರಿನಲ್ಲಿ ಅದೇ ಫೈಲು, ಅಕ್ಷರಕ್ಕಕ್ಷರ ಹೋಲಿಸಿ, ಎರಡೆರಡು ಯಾಕೆಂದೇ ಅವನದನ್ನು ಅಳಿಸಿದ್ದು — ಬೇರೆ ಪ್ರೋಗ್ರಾಮುಗಳು ಎದ್ದೊಡನೆ ನಾಲ್ಕು ಕಡೆ ಹುಡುಕುತ್ತವೆ, ಇಲ್ಲಿಲ್ಲವೇ, ಅಲ್ಲಿ, ನಾವು ಪಟ್ಟಿಯಲ್ಲಿ ಬರೆದುಕೊಟ್ಟ ಕಡೆ, ಬರೆದೂ ಕೊಟ್ಟೆ, ಹಯವದನನ ಈ ಪ್ರೋಗ್ರಾಮು ಮಾತ್ರ ತಿರುಗಿ ನೋಡಲಿಲ್ಲ, ಕಟ್ಟುವಾಗಲೇ ಅವನು ತನ್ನ ಫೋಲ್ಡರಿನ ಪೂರ್ತಿ ದಾರಿಯನ್ನು ಇದರ ಹೊಟ್ಟೆಯೊಳಗೆ ಬರೆದುಬಿಟ್ಟಿದ್ದಾನೆ, ಅಲ್ಲಿಗೆ ಹೋಗು, ಅಲ್ಲಿಗೆ ಮಾತ್ರ. ಬ್ಯಾಡೋ, ನಾಳೆ ಜಾಗ ಬದಲಾದರೆ ಅಂದಿದ್ದೆ, ಎರಡು ಸಾವಿರದ ನಾಲ್ಕರಲ್ಲಿ, ಗೋದೌಲಿಯಾ ಚೌಕದಲ್ಲಿ ರಿಕ್ಷಾ ಸಿಕ್ಕದೆ ನಿಂತಾಗ, ನಕ್ಕಿದ್ದ, ನಿನಗ ಎಲ್ಲಾ ಊರ ಛತ್ರದಾಗ ಇಡೋ ಚಟ, ನನ್ನ ಪ್ರೋಗ್ರಾಮು ನನ್ನ ಮನ್ಯಾಗ ಉಣ್ತದ. ಮತ್ತೆ ಕಟ್ಟೋಣವೆಂದರೆ ಅವನು ಬರೆದ ಪ್ರೋಗ್ರಾಮಿನ ಮೂಲ ಸಾಲುಗಳೂ ಆ ಫೋಲ್ಡರಿನ ಜೊತೆಗೇ ಹೋದವು, ಹರಿಶ್ಚಂದ್ರ ಘಾಟಿನಲ್ಲಿ ನೀರಿಗೆ ಬಿಟ್ಟ ಅವನ ಬೂದಿಯ ಹಾಗೆ — ಅಪ್ಪ ಕೊಟ್ಟಿಗೆಯನ್ನು ಬಾವಿಯ ಆಚೆಗೆ ಹಾಕಿದ ವರ್ಷ, ಮೇದು ಬಂದ ಕೆಂದಿ ಹೊಸದರತ್ತ ತಿರುಗಲೇ ಇಲ್ಲ, ಗೂಟ ಕಿತ್ತ ಕುಳಿಯ ಮುಂದೆ ಬಂದು ನಿಂತಿತು, ಕೆಚ್ಚಲು ಬಿಗಿದು ತೊಟ್ಟಿಕ್ಕುತ್ತಿತ್ತು, ಹತ್ತು ಹೆಜ್ಜೆ ಆಚೆ ಕರು ಕೂಗುತ್ತಿತ್ತು, ಹೊಡೆದರೂ ಕದಲಲಿಲ್ಲ. ಹತ್ತು ಐವತ್ತು. ಅಪ್ಪ ಏನು ಮಾಡಿದ, ಬೈಯಲಿಲ್ಲ, ಗೂಟ ತಂದ, ಹಳೆಯ ಕುಳಿಯಲ್ಲೇ ಇಟ್ಟ, ಕಲ್ಲು ತೆಗೆದುಕೊಂಡು ಬಡಿದ, ಅಷ್ಟೇ. ವೈನಿ, ತಪ್ಪು ತಿಳಿಯಬೇಡಿ, ನಿನ್ನೆ ಕಳಿಸಿಕೊಟ್ಟವನನ್ನು ಇವತ್ತು ಕರೆಯುತ್ತಿದ್ದೇನೆ, ಹೊಸ ಫೋಲ್ಡರು, ಹಳೆಯ ಹೆಸರು, ಒಂದೊಂದೇ ಅಕ್ಷರ, ಹಯವದನ, ಅದರೊಳಗೆ ಲೈಬ್ರರಿಯ ಪ್ರತಿ, ಎಂಟರ್ ಒತ್ತಿದೆ — ಆ ಸಾಲು ಬರಲಿಲ್ಲ, ಅಂಕಿಗಳು ಬರುತ್ತಿವೆ, ಪ್ರಿಂಟರು ಕರಕರ ಎನ್ನುತ್ತಿದೆ, ಬೆಂಚಿನಿಂದ ಆ ಹೆಂಗಸು ಎದ್ದ ಸದ್ದು, ಇನ್ನು ಈ ಹೆಸರನ್ನು ಯಾರು ತೆಗೆಯುತ್ತಾರೆ, ನಾನಂತೂ — ಕೆಂದಿ ಗೂಟ ಮೂಸುತ್ತಿದೆ, ಹಗ್ಗ ಇನ್ನೂ ಕಟ್ಟಿಲ್ಲ, ಆದರೂ ನಿಂತಿದೆ, ನಿಂತಿದೆ