ಮೂರನೆಯ ಸಾಲಿನ ಉಸಿರು

“ಇದನ್ನ ಒತ್ತಾಕ ಮಂದಿ ಎಲ್ಲಿಂದ ತರೂದು?”

ಜಿಲ್ಲಾ ಆಸ್ಪತ್ರೆಯ ಉಗ್ರಾಣದಲ್ಲಿ ನನ್ನ ಡಬ್ಬಿ ಬಿಚ್ಚಿದವನು ಹೀಗೆ ಕೇಳಿದ. ಅಲ್ಲಿ ಇನ್ನೊಬ್ಬರಿರಲಿಲ್ಲ. ಗೋಡೆಯನ್ನು ಕೇಳಿದನೋ, ದೇವರನ್ನೋ, ತಿಳಿಯದು. ಈ ಲೋಕದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು ಅದು.

ನಾನು ಒಂದು ಉಸಿರುಚೀಲ. ಆಸ್ಪತ್ರೆಯವರು ಆಂಬು ಬ್ಯಾಗ್ ಎನ್ನುತ್ತಾರೆ. ಎಲ್ಲೋ ದೂರದ ಕಾರ್ಖಾನೆಯ ಅಚ್ಚಿನಲ್ಲಿ ಹುಟ್ಟಿದೆ. ರಬ್ಬರಿನಂಥ ಮೈ, ಎಳೆಯ ಸೋರೆಕಾಯಿಯ ಗಾತ್ರ. ಒತ್ತಿದರೆ ನನ್ನೊಳಗಿನ ಗಾಳಿ ರೋಗಿಯ ಎದೆಗೆ ಇಳಿಯುತ್ತದೆ. ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತೇನೆ. ನನಗೆಂದು ಒಂದು ಉಸಿರೂ ಇಲ್ಲ.

ತೀವ್ರ ನಿಗಾ ಘಟಕದಲ್ಲಿ ಮಂಚ ಆರು, ವೆಂಟಿಲೇಟರ್ ಯಂತ್ರ ಒಂದು. ಯಂತ್ರ ಸಿಗದವರಿಗೆ ನಾನು. ಒಬ್ಬಳೇ ನರ್ಸ್ ಯಾರಿಗೆಂದು ಒತ್ತಿಯಾಳು? ರೋಗಿಯ ಮನೆಯವರೇ ಒತ್ತಬೇಕು. ಗಾರೆ ಕೆಲಸದವನ ಒರಟು ಕೈ, ಹಸಿರು ಬಳೆ ಮಾಸದ ಮದುವಣಗಿತ್ತಿಯ ಕೈ, ಎಲ್ಲವನ್ನೂ ಕಂಡೆ. ನಾನು ಗಾಳಿ ಕೊಟ್ಟವರಲ್ಲಿ ಹೆಚ್ಚಿನವರು ಹೋದರು. ಕೈ ಸೋತು ಹೋದರೋ, ಆಯುಷ್ಯ ತೀರಿ ಹೋದರೋ, ನನಗೆ ತಿಳಿಯಲಿಲ್ಲ, ಒತ್ತಿದವರಿಗೂ ತಿಳಿಯಲಿಲ್ಲ. ಆ ಸಂಶಯವನ್ನು ಅವರು ಹೆಣದ ಜೊತೆಗೇ ಮನೆಗೆ ಒಯ್ದರು. ನನ್ನನ್ನು ತೊಳೆದು ಮೊಳೆಗೆ ತೂಗುಹಾಕಿದರು. ಹೀಗೆ ವರ್ಷಗಳು ಕಳೆದು ನನ್ನ ಕುತ್ತಿಗೆ ಸೀಳಿತು. ಸೀಳಿಗೆ ಪ್ಲಾಸ್ಟರ್ ಸುತ್ತಿದರು. ಜೊತೆಯ ಎರಡು ಚೀಲಗಳಲ್ಲಿ ಒಂದು ಒಡೆದಿತ್ತು, ಇನ್ನೊಂದು ಕೂಸುಗಳದ್ದು. ಆದ್ದರಿಂದ ನನಗೆ ಮುಪ್ಪಿನಲ್ಲೂ ಬಿಡುಗಡೆಯಿರಲಿಲ್ಲ.

ಆಗ ಬಂದವಳು ನೀಲವ್ವ. ಅವಳ ತಮ್ಮ ಹೊಳೆಬಸುವಿಗೆ ಹಾವು ಕಚ್ಚಿತ್ತು. ಔಷಧಿ ಹಾಕಿದ್ದರೂ ರೆಪ್ಪೆ ಎತ್ತಲು ಶಕ್ತಿಯಿಲ್ಲ, ಎದೆ ತಾನಾಗಿ ಏಳದು.

ಮಮತಾಜ್ ಸಿಸ್ಟರ್ ನನ್ನನ್ನು ಅವಳ ಅಂಗೈಗಿಟ್ಟಳು. “ಅಕ್ಕಾರ, ವಿಷ ಇಳಿಯೋತನಕ ಇವನ ಉಸಿರು ನಿಮ್ಮ ಕೈಯಾಗ. ಎರಡು ದಿನಾನೋ, ಮೂರು ದಿನಾನೋ. ಇಳೀತಂದ್ರ ಎದ್ದು ಕುಂದರತಾನ. ಐದು ಎಣಿಸಿ ಒಮ್ಮೆ ಒತ್ರಿ.”

ನೀಲವ್ವ ಎಣಿಸಲಿಲ್ಲ. ಶ್ರಾವಣದ ಪುರಾಣ ಕೇಳುತ್ತ ಬೆಳೆದವಳು, ಷಟ್ಪದಿಗಳು ಬಾಯಿಪಾಠ. ಮೆಲ್ಲಗೆ ಪದ್ಯ ಹೇಳುತ್ತ ಪ್ರತಿ ಸಾಲಿನ ಕೊನೆಗೆ ಒಮ್ಮೆ ಒತ್ತಿದಳು. ಆರು ಸಾಲಿನ ಆ ಪದ್ಯದಲ್ಲಿ ಮೂರನೆಯದೂ ಆರನೆಯದೂ ಉಳಿದವಕ್ಕಿಂತ ಉದ್ದ. ಅಲ್ಲಿ ಹೊಳೆಬಸುವಿನ ಉಸಿರು ತಡವಾಗತೊಡಗಿತು.

“ಎರಡು ಸರಿ ಬರತಾವ, ಮೂರನೇದ್ದು ತಡಾ,” ಮಮತಾಜ್ ಸೊಂಟಕ್ಕೆ ಕೈಯಿಟ್ಟಳು. “ನಿಮ್ಮ ದೇವರಿಗೆ ಮೂರನೇ ಸಾಲಿಗೆ ದಮ್ಮು ಹತ್ತತೈತೇನ್ರಿ?”

“ದೇವರಿಗಲ್ಲ ತಾಯಿ, ಹಾಡಾವರಿಗೆ.”

ಇಬ್ಬರೂ ನಕ್ಕರು. ಆಗಿನಿಂದ ನೀಲವ್ವ ಉದ್ದದ ಸಾಲನ್ನು ನಡುವೆ ಮುರಿದು ಎರಡು ಸಲ ಒತ್ತಿದಳು. ಛಂದಸ್ಸು ಕೆಟ್ಟಿತು, ಉಸಿರು ಸರಿಹೋಯಿತು.

ಒಂದು ತುದಿಗೆ ತಮ್ಮನ ಗಂಟಲು, ಇನ್ನೊಂದು ತುದಿಗೆ ಅಕ್ಕನ ಅಂಗೈ. ನಡುವೆ ನಾನು ಸಿಕ್ಕಿಬಿದ್ದಿದ್ದೆ. ನನ್ನನ್ನು ಬಿಡುವಂತಿರಲಿಲ್ಲವಾದ್ದರಿಂದ ಅವಳೂ ಸಿಕ್ಕಿಬಿದ್ದಿದ್ದಳು. ಮಮತಾಜ್ ಬಂದು ಒತ್ತಿದಷ್ಟು ಹೊತ್ತು ಮಾತ್ರ ಅವಳಿಗೆ ನೀರು, ರೊಟ್ಟಿ. ಎದುರಿನ ಮಂಚದಲ್ಲಿ ಯಂತ್ರಕ್ಕೆ ಅಂಟಿಕೊಂಡು ರಾಚೋಟೆಪ್ಪ ಎಂಬ ಮುದುಕ ಮಲಗಿದ್ದ. ಆ ಯಂತ್ರ ಕಿರುಚಿದಾಗಲೆಲ್ಲ ನೀಲವ್ವನ ಹಿಡಿತ ಬಿಗಿಯುತ್ತಿತ್ತು. ಮುದುಕ ಹೋದರೆ ಯಂತ್ರ ತಮ್ಮನಿಗೆ ಎಂಬ ಆಸೆ ಅದು. ಬಾಯಲ್ಲಿ ಪದ್ಯವಿತ್ತು, ಅಂಗೈಯಲ್ಲಿ ಆಸೆಯಿತ್ತು. ಎರಡೂ ನನಗೆ ಮುಟ್ಟುತ್ತಿದ್ದವು. ಮರುಗಳಿಗೆಯೇ ತುಟಿ ಕಚ್ಚಿ, “ಶಿವನೇ, ನನ್ನ ಆಸಿ ಸುಡು,” ಎನ್ನುತ್ತಿದ್ದಳು.

ಎರಡನೆಯ ದಿನ ಮಧ್ಯಾಹ್ನ ಮುದುಕನ ಮಗ ಬಸಲಿಂಗ ಬಂದು ನಿಂತ. ಅತ್ತತ್ತು ಅವನ ಕಣ್ಣು ಬಾತಿದ್ದವು.

“ಅಕ್ಕಾರ, ಅಪ್ಪ ಉಳಿಯೂದಿಲ್ಲಂತ ಡಾಕ್ಟರ ಹೇಳ್ಯಾರ. ಹೊರಗ ಸತ್ತವರನ್ನ ನಮ್ಮ ಮನಿ ಹೊಸ್ತಿಲಾ ದಾಟಿಸೂದಿಲ್ಲ. ಉಸಿರಿರೂದ್ರಾಗ ಒಯ್ಯಬೇಕು. ಹಾದಿಮ್ಯಾಲ ಒತ್ತಾಕ ಆ ಚೀಲಾ ಕೊಡ್ರಿ. ಮಷಿನ್ ನಿಮಗ ಆಗತೈತಿ.”

ಮಮತಾಜ್ ದನಿ ತಗ್ಗಿಸಿದಳು. “ಅವರು ಒಯ್ಯತೀವಂತ ಸಹಿ ಮಾಡ್ಯಾರ. ಊರು ಮುಟ್ಟಿ ಚೀಲಾ ತಗದ್ರ ಮುಗೀತು, ಅದೂ ಅವರಿಗೆ ಗೊತ್ತೈತಿ. ನಿಮ್ಮ ತಮ್ಮಗ ಮಾತ್ರ ಇದು ಪುಣ್ಯೇದ ಗಳಿಗಿ. ನಿಮ್ಮ ಕೈ ನೋಡ್ಕೊಳ್ರಿ, ಇನ್ನ ಎಷ್ಟೊತ್ತು ತಡೀತಾವ?”

ಬೊಬ್ಬೆಯೊಡೆದು ನೀರಾಡಿದ ಅಂಗೈ. ನೀಲವ್ವ ಒತ್ತುತ್ತಲೇ ಇದ್ದಳು. ಪದ್ಯ ನಿಲ್ಲಿಸುವಂತಿರಲಿಲ್ಲ. ಹೇಳುತ್ತಲೇ ಎದುರಿನ ಮಂಚದತ್ತ ನೋಡಿದಳು. ನಾನೂ ನೋಡಿದೆ.

ರಾಚೋಟೆಪ್ಪನ ತೋರುಬೆರಳು ಮಂಚದ ಕಬ್ಬಿಣದ ಮೇಲಿತ್ತು. ನೀಲವ್ವನ ಸಾಲು ಮುಗಿದಾಗ ಅದು ಮೆಲ್ಲಗೆ ಬಿತ್ತು. ಮತ್ತೊಂದು ಸಾಲು, ಮತ್ತೆ ಬಿತ್ತು. ಅವಳು ನಡುವೆ ಮುರಿದ ಮೂರನೆಯ ಸಾಲಿಗೆ ಮಾತ್ರ ಬೆರಳು ಅರ್ಧಕ್ಕೆ ಬೀಳದೆ, ಸಾಲು ತುಂಬುವವರೆಗೆ ಕಾದು ಬಿತ್ತು. ಪುರಾಣದ ಹಳೆಯ ಕೇಳುಗ. ತಪ್ಪನ್ನು ತಿದ್ದುತ್ತಿದ್ದ.

“ಅವಗೇನೂ ತಿಳಿಯೂದಿಲ್ರಿ ಈಗ,” ಬಸಲಿಂಗ ಕೈ ಚಾಚಿದ. “ಕೊಡ್ರಿ ಅಕ್ಕಾರ.”

ನಾನು ಎಷ್ಟೋ ಕೈಗಳ ಸೋಲನ್ನು ಕಂಡವನು. ಸೋಲುವ ಕೈ ಮೊದಲು ಬೆವರುತ್ತದೆ, ಆಮೇಲೆ ಅದರ ಹಿಡಿತ ಜಾರುತ್ತದೆ. ನೀಲವ್ವನ ಹಿಡಿತ ಜಾರುತ್ತಿತ್ತು. ಪದ್ಯದ ಆರನೆಯ ಸಾಲನ್ನು ಅವಳು ಮುಗಿಸಿದಳು, ನನ್ನನ್ನು ಒತ್ತಿದಳು, ತಮ್ಮನ ಎದೆ ಏರಿತು.

“ಕೊಡಂಗಿಲ್ಲ. ನಿಮ್ಮಪ್ಪನ ಬೆರಳ ನೋಡ್ರಿ, ಪದ್ಯಕ್ಕ ತಾಳ ಹಾಕಾಕತ್ತೈತಿ.”